ಪಟ್ಟಿಯಲ್ಲಿಲ್ಲದ ಹೆಸರುಗಳು

ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಎಕ್ಸೆಟರ್ ಎಂಬ ಚಿಕ್ಕ ಪಟ್ಟಣವಿದೆ. ಅಲ್ಲಿನ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ 1781ರಲ್ಲಿ ಸ್ಥಾಪನೆಯಾದ ಖಾಸಗಿ ವಸತಿ ಶಾಲೆ. ಆ ದೇಶದ ಸಂವಿಧಾನ ರೂಪುಗೊಳ್ಳುವುದಕ್ಕೆ ಆರು ವರ್ಷ ಮೊದಲೇ ಹುಟ್ಟಿದ ಸಂಸ್ಥೆಯದು. ಮಕ್ಕಳನ್ನು ಹಾರ್ವರ್ಡ್, ಯೇಲ್‌ನಂಥ ಕಾಲೇಜುಗಳಿಗೆ ಸಿದ್ಧಪಡಿಸುವುದೇ ಇಂಥ ಶಾಲೆಗಳ ಕಸುಬಾದ್ದರಿಂದ ಅವನ್ನು ಅಲ್ಲಿ 'ಪ್ರೆಪ್ ಸ್ಕೂಲ್' ಎನ್ನುತ್ತಾರೆ. ಎಕ್ಸೆಟರ್‌ನ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಓದಿದವರಿಗೆ ತುಸು ತಲೆ ತಿರುಗುವುದು ಸಹಜ. ಸೆನೆಟ್‌ನ ಮಹಾ ವಾಗ್ಮಿ ಡೇನಿಯಲ್ ವೆಬ್‌ಸ್ಟರ್, 14ನೆಯ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್, ಇತಿಹಾಸಕಾರ ಜಾರ್ಜ್ ಬ್ಯಾಂಕ್ರಾಫ್ಟ್, ಅಬ್ರಹಾಂ ಲಿಂಕನ್ ಅವರ ಹಿರಿಯ ಮಗ ರಾಬರ್ಟ್, ಕಾದಂಬರಿಕಾರರಾದ ಗೋರ್ ವಿಡಾಲ್, ಜಾನ್ ಅರ್ವಿಂಗ್, ಡ್ಯಾನ್ ಬ್ರೌನ್, ಕೊನೆಗೆ ಫೇಸ್‌ಬುಕ್‌ನ ಮಾರ್ಕ್ ಝುಕರ್‌ಬರ್ಗ್! ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ದೇಶದ ಚರಿತ್ರೆಯೇ ಅಡಗಿ ಕುಳಿತಂತಿದೆ.

ಇಂಥ ಪಟ್ಟಿಗಳ ಬಗ್ಗೆ ನನಗೆ ಮೊದಲಿನಿಂದಲೂ ಕುತೂಹಲ, ಅದರ ಜೊತೆಗೆ ಒಂದಿಷ್ಟು ಗುಮಾನಿ. ಫಲಿತಾಂಶದ ಮರುದಿನ ರ‍್ಯಾಂಕ್ ಪಡೆದ ಮಕ್ಕಳ ಭಾವಚಿತ್ರಗಳನ್ನು ಬೀದಿಬದಿಯ ಫ್ಲೆಕ್ಸ್‌ಗಳಲ್ಲಿ ನೋಡಿ ಅಭ್ಯಾಸವಾದ ನಮಗೆ ಅವುಗಳ ವ್ಯಾಕರಣ ಬಿಡಿಸಿ ಹೇಳಬೇಕಾದದ್ದಲ್ಲ. 'ಇವರು ನಮ್ಮಲ್ಲಿ ಓದಿದರು' ಎಂಬುದು ವಾಸ್ತವದ ಹೇಳಿಕೆ. 'ನಮ್ಮಲ್ಲಿ ಓದಿದ್ದರಿಂದ ಇವರು ಹೀಗಾದರು' ಎಂಬುದು ಒಂದು ವಾದ. ಪಟ್ಟಿ ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಓದುಗರೇ ಊಹಿಸಿಕೊಳ್ಳಲಿ ಎಂದು ಸುಮ್ಮನಾಗುತ್ತದೆ. ಎಕ್ಸೆಟರ್‌ನ ಪಟ್ಟಿಯನ್ನು ಹೆಸರು ಹಿಡಿದು ಕೆದಕಿದರೆ ಆ ಊಹೆ ಎಷ್ಟರಮಟ್ಟಿಗೆ ನಿಲ್ಲುತ್ತದೆ?

ಮೊದಲ ಹೆಸರನ್ನೇ ತೆಗೆದುಕೊಳ್ಳೋಣ. ರೈತನ ಮಗ ವೆಬ್‌ಸ್ಟರ್ ಎಕ್ಸೆಟರ್ ಸೇರಿದ್ದು 1796ರಲ್ಲಿ, ತನ್ನ 14ನೆಯ ವಯಸ್ಸಿನಲ್ಲಿ. ಅಲ್ಲಿದ್ದದ್ದು ಹೆಚ್ಚೆಂದರೆ ಒಂಬತ್ತು ತಿಂಗಳು. ಮುಂದೆ ಸೆನೆಟ್ ಸಭಾಂಗಣವನ್ನೇ ನಡುಗಿಸಿದ ಈ ಮನುಷ್ಯ ಶಾಲೆಯಲ್ಲಿ ಮಾಡಲಾಗದೇ ಹೋದ ಏಕೈಕ ಕೆಲಸವೆಂದರೆ ಭಾಷಣ. ಕೋಣೆಯಲ್ಲಿ ಕುಳಿತು ಪಾಠವನ್ನು ಮತ್ತೆ ಮತ್ತೆ ಉರು ಹೊಡೆಯುತ್ತಿದ್ದರೂ, ತರಗತಿಯಲ್ಲಿ ಹೆಸರು ಕರೆದು ಎಲ್ಲರ ಕಣ್ಣುಗಳು ತನ್ನತ್ತ ತಿರುಗಿದೊಡನೆ ಎದ್ದು ನಿಲ್ಲಲಾಗುತ್ತಿರಲಿಲ್ಲವೆಂದೂ, ಕೋಣೆಗೆ ಮರಳಿ ಅಳುತ್ತಿದ್ದುದಾಗಿಯೂ ಅವರೇ ತಮ್ಮ ಆತ್ಮವೃತ್ತಾಂತದಲ್ಲಿ ಬರೆದುಕೊಂಡಿದ್ದಾರೆ. ಮೇಷ್ಟ್ರುಗಳು ಗದರಲಿಲ್ಲ, ಉತ್ತೇಜಿಸಿದರು, ಆದರೂ ಆಗಲಿಲ್ಲ. ವೆಬ್‌ಸ್ಟರ್ ಎಂಬ ವಾಗ್ಮಿ ರೂಪುಗೊಂಡದ್ದು ಬೇರೆಡೆ. ಎಕ್ಸೆಟರ್‌ನ ಪಟ್ಟಿಯಲ್ಲಿ ಅವರ ಹೆಸರು ಮಾತ್ರ ಎರಡು ಶತಮಾನಗಳಿಂದ ಮೇಲಿನ ಸಾಲಿನಲ್ಲಿದೆ.

ಶಾಲೆಯ ಸಂಸ್ಥಾಪಕ ಜಾನ್ ಫಿಲಿಪ್ಸ್ ಅವರ ದಾನಪತ್ರದಲ್ಲಿ ಒಂದು ತಿಳಿವಳಿಕೆಯ ಮಾತಿದೆ: ಜ್ಞಾನವಿಲ್ಲದ ಒಳ್ಳೆಯತನ ದುರ್ಬಲ, ಒಳ್ಳೆಯತನವಿಲ್ಲದ ಜ್ಞಾನ ಅಪಾಯಕಾರಿ ಎಂಬ ಅರ್ಥದ್ದು. ಶಾಲೆ ಇಂದಿಗೂ ಅದನ್ನೇ ತನ್ನ ಮೂಲಮಂತ್ರವೆನ್ನುತ್ತದೆ. ಹಾಗಾದರೆ ಅದೇ ಅಳತೆಗೋಲನ್ನು ಪಟ್ಟಿಗೂ ಹಿಡಿಯಬೇಕಲ್ಲವೇ? 1850ರ ಮಾರ್ಚ್ 7ರಂದು ವೆಬ್‌ಸ್ಟರ್ ಸೆನೆಟ್‌ನಲ್ಲಿ ನಿಂತು ಒಕ್ಕೂಟದ ಉಳಿವಿನ ಹೆಸರಿನಲ್ಲಿ ಒಂದು ಸಂಧಾನವನ್ನು ಬೆಂಬಲಿಸಿದರು. ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಕಾನೂನೂ ಅದರೊಳಗಿತ್ತು. ಅವರನ್ನು ಆರಾಧಿಸುತ್ತಿದ್ದ ನ್ಯೂ ಇಂಗ್ಲೆಂಡ್‌ನ ಎಷ್ಟೋ ಮಂದಿ ಅಂದಿನಿಂದ ಅವರಿಗೆ ಬೆನ್ನು ತಿರುಗಿಸಿದರು. ಅದೇ ಶಾಲೆಯಲ್ಲಿ ಕೆಲಕಾಲ ಓದಿದ್ದ ಪಿಯರ್ಸ್, ಅಧ್ಯಕ್ಷರಾಗಿ 1854ರಲ್ಲಿ ಕ್ಯಾನ್ಸಸ್-ನೆಬ್ರಾಸ್ಕ ಕಾಯ್ದೆಗೆ ಸಹಿ ಹಾಕಿ ಗುಲಾಮಗಿರಿಯ ವಿಸ್ತರಣೆಗೆ ಬಾಗಿಲು ತೆರೆದರು. ಇಬ್ಬರಿಗೂ ಜ್ಞಾನದ ಕೊರತೆ ಇರಲಿಲ್ಲ. ಖ್ಯಾತಿಯನ್ನಷ್ಟೇ ಎಣಿಸುವ ಪಟ್ಟಿ ಸಂಸ್ಥಾಪಕರ ಮಾತಿನ ಅರ್ಧವನ್ನು ಮಾತ್ರ ಓದಿಕೊಂಡಿದೆ ಎನ್ನದೆ ವಿಧಿಯಿಲ್ಲ.

ಈ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಹೆಸರು ರಾಬರ್ಟ್ ಲಿಂಕನ್. ಕಾರಣ, ಆತ ಅಲ್ಲಿಗೆ ಬಂದದ್ದು ಪ್ರತಿಭೆಯಿಂದಲ್ಲ, ನಪಾಸಾಗಿ! 1859ರಲ್ಲಿ ಹಾರ್ವರ್ಡ್ ಪ್ರವೇಶ ಪರೀಕ್ಷೆಗೆ ಕುಳಿತ ಆತ 16 ವಿಷಯಗಳ ಪೈಕಿ 15ರಲ್ಲಿ ಅನುತ್ತೀರ್ಣನಾದ. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ಶಾಲೆಗಳಲ್ಲಿ ಕಲಿತದ್ದು ಅಷ್ಟಕ್ಕೆ ಸಾಲದಾಗಿತ್ತು. ತಂದೆ ಅವನನ್ನು ಒಂದು ವರ್ಷದ ತಯಾರಿಗೆಂದು ಎಕ್ಸೆಟರ್‌ಗೆ ಸೇರಿಸಿದರು. ಆಗ ತಂದೆ ಅಧ್ಯಕ್ಷರಲ್ಲ. ಸೆನೆಟ್ ಸ್ಥಾನಕ್ಕಾಗಿ ಹೋರಾಡಿ ಸೋತಿದ್ದ ವಕೀಲ. 1860ರ ಫೆಬ್ರುವರಿ 27ರಂದು ನ್ಯೂಯಾರ್ಕ್‌ನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ತಮ್ಮ ಪ್ರಸಿದ್ಧ ಭಾಷಣ ಮಾಡಿ ಮುಗಿಸಿದ ಲಿಂಕನ್, ಮಗನನ್ನು ನೋಡಿಕೊಂಡು ಬರೋಣವೆಂದು ನ್ಯೂ ಇಂಗ್ಲೆಂಡ್‌ನತ್ತ ಹೊರಟರು. ದಾರಿಯುದ್ದಕ್ಕೂ ಭಾಷಣಕ್ಕೆ ಕರೆಗಳು ಬಂದವು. ಕಾಂಕರ್ಡ್, ಮ್ಯಾಂಚೆಸ್ಟರ್, ಡೋವರ್‌ಗಳಲ್ಲಿ ಮಾತನಾಡಿ ಮಾರ್ಚ್ 3ರಂದು ಎಕ್ಸೆಟರ್ ಪುರಭವನದಲ್ಲಿಯೂ ಮಾತನಾಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಷಿಕಾಗೋದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ನಡೆದಾಗ, ನ್ಯೂ ಹ್ಯಾಂಪ್‌ಷೈರ್ ಪ್ರತಿನಿಧಿಗಳಲ್ಲಿ ಬಹುಪಾಲು ಮಂದಿ ಮೊದಲ ಸುತ್ತಿನಲ್ಲೇ ಲಿಂಕನ್ ಪರ ಮತ ಹಾಕಿದರು. ಮಗ ಪಾಸಾಗಿದ್ದರೆ ತಂದೆ ಆ ಚಳಿಯಲ್ಲಿ ಅಷ್ಟು ಊರು ಸುತ್ತುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಪಾಸಾದವರು ದೇಶಸೇವೆ ಮಾಡುವ ಬಗೆಗಳಲ್ಲಿ ಇದೂ ಒಂದೆನ್ನಬಹುದು.

ಆ ಪುರಭವನದ ಸಭೆಯಲ್ಲಿ ಮಗನ ಸಹಪಾಠಿಗಳೂ ಇದ್ದರು. ವೇದಿಕೆಯ ಮೇಲಿದ್ದ ಉದ್ದ ಕೈಕಾಲಿನ ಆ ಮನುಷ್ಯ ತನ್ನ ಇಡೀ ಜೀವನದಲ್ಲಿ ಶಾಲೆಯಲ್ಲಿ ಕಳೆದ ಅವಧಿಯನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದು. ಅದನ್ನು ಲಿಂಕನ್ ತಾವೇ ಬರೆದಿದ್ದಾರೆ. ಮೂರು ವರ್ಷಗಳ ನಂತರ, 1863ರ ನವೆಂಬರ್ 19ರಂದು, ಗೆಟ್ಟಿಸ್‌ಬರ್ಗ್‌ನ ಸೈನಿಕ ಸ್ಮಶಾನದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂದಿನ ಮುಖ್ಯ ಭಾಷಣಕಾರ ಲಿಂಕನ್ ಆಗಿರಲಿಲ್ಲ, ಎಡ್ವರ್ಡ್ ಎವರೆಟ್ ಆಗಿದ್ದರು. ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದವರು, ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿದ್ದವರು, ಎಕ್ಸೆಟರ್‌ನ ಹಳೆಯ ವಿದ್ಯಾರ್ಥಿ. ಅವರು ಎರಡು ಗಂಟೆ ಮಾತನಾಡಿದರು. ಬಳಿಕ ಲಿಂಕನ್ ಎದ್ದು ಎರಡು ನಿಮಿಷ ಮಾತನಾಡಿದರು. ಯಾವುದು ಉಳಿಯಿತು ಎಂಬುದು ಎಲ್ಲರಿಗೂ ಗೊತ್ತು. ಎವರೆಟ್ ದೊಡ್ಡ ಮನಸ್ಸಿನವರು. ಮರುದಿನವೇ ಪತ್ರ ಬರೆದು, ತಾನು ಎರಡು ಗಂಟೆಯಲ್ಲಿ ತಲುಪಲು ಯತ್ನಿಸಿದ ವಿಚಾರದ ತಿರುಳಿಗೆ ನೀವು ಎರಡೇ ನಿಮಿಷದಲ್ಲಿ ತಲುಪಿದಿರಿ ಎಂಬರ್ಥದಲ್ಲಿ ಲಿಂಕನ್ನರನ್ನು ಮೆಚ್ಚಿಕೊಂಡರು. ಸಂಸ್ಥಾಪಕರು ಬಯಸಿದ ಒಳ್ಳೆಯತನ ಎಲ್ಲಾದರೂ ಕಾಣುವುದಿದ್ದರೆ ಆ ಪತ್ರದಲ್ಲಿ ಕಾಣುತ್ತದೆ. ಅದಕ್ಕಾಗಿ ಎಕ್ಸೆಟರ್ ಹೆಮ್ಮೆಪಟ್ಟರೆ ನನ್ನ ತಕರಾರಿಲ್ಲ.

ಹಾಗೆಂದು ಶಾಲೆ ಏನೂ ಮಾಡುವುದಿಲ್ಲವೆಂಬ ಸಿನಿಕ ವಾದ ನನ್ನದಲ್ಲ. 1930ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಸಂಪತ್ತಿನ ವಾರಸುದಾರ ಎಡ್ವರ್ಡ್ ಹಾರ್ಕ್‌ನೆಸ್ ಈ ಶಾಲೆಗೆ 58 ಲಕ್ಷ ಡಾಲರ್ ಕೊಟ್ಟರು. ಷರತ್ತೇನೆಂದರೆ, ಪಾಠದ ರೀತಿಯೇ ಬದಲಾಗಬೇಕು. ಸಾಲು ಬೆಂಚುಗಳು ಹೋದವು. ಅಂಡಾಕಾರದ ಒಂದು ದೊಡ್ಡ ಮೇಜು ಬಂತು. ಅದರ ಸುತ್ತ ಹನ್ನೆರಡು ವಿದ್ಯಾರ್ಥಿಗಳು, ಅವರ ನಡುವೆ ಅವರಂತೆಯೇ ಕುಳಿತ ಒಬ್ಬ ಶಿಕ್ಷಕ. ಉಪನ್ಯಾಸವಿಲ್ಲ, ಚರ್ಚೆ ಮಾತ್ರ. ಹಾರ್ಕ್‌ನೆಸ್ ಅವರ ಮನಸ್ಸಿನಲ್ಲಿದ್ದುದು ಜಾಣ ಹುಡುಗನಲ್ಲ. ಸಾಧಾರಣದವನು, ಅವನಿಗಿಂತ ಕೆಳಗಿನವನು, ದೊಡ್ಡ ತರಗತಿಯಲ್ಲಿ ಬಾಯಿ ಬಿಡಲು ಹೆದರುವವನು. ಹೆಸರು ಕರೆದಾಗ ಏಳಲಾಗದೆ ಕುಳಿತಿದ್ದ ವೆಬ್‌ಸ್ಟರ್ ಎಂಬ ಹುಡುಗನಿಗೆ 134 ವರ್ಷ ತಡವಾಗಿ ಬಂದ ಮೇಜು ಅದು. ಮೂರು ದಶಕ ಕಾಲ ಅರವತ್ತು, ಎಪ್ಪತ್ತು ಮಕ್ಕಳ ತರಗತಿಗಳಿಗೆ ಪಾಠ ಹೇಳಿದ ನನಗೆ ಆ ಮೇಜಿನ ಮೇಲೆ ಅಸೂಯೆಯಿದೆ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೆ ಹನ್ನೆರಡು ಮಕ್ಕಳಿಗೊಬ್ಬ ಶಿಕ್ಷಕ ಎಂಬುದು ಬೋಧನಾಶಾಸ್ತ್ರದ ವಿಷಯವಾಗುವ ಮುನ್ನ ಹಣಕಾಸಿನ ವಿಷಯ. ಎಕ್ಸೆಟರ್‌ನಲ್ಲಿರುವುದು ಸುಮಾರು 1,100 ವಿದ್ಯಾರ್ಥಿಗಳು. ಶಾಲೆಯ ದತ್ತಿ ನಿಧಿ 100 ಕೋಟಿ ಡಾಲರ್‌ಗೂ ಮಿಗಿಲು. ವಸತಿಯೂ ಸೇರಿ ಒಂದು ವರ್ಷದ ಶುಲ್ಕ 60 ಸಾವಿರ ಡಾಲರ್ ದಾಟಿದೆ.

ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1956ರಲ್ಲಿ ಪ್ರಕಟವಾದ 'ದಿ ಪವರ್ ಎಲೀಟ್' ಗ್ರಂಥದಲ್ಲಿ ಇದರ ಮರ್ಮವನ್ನು ಹಿಡಿದಿದ್ದರು. ಒಬ್ಬಾತ ಹಾರ್ವರ್ಡ್‌ನಲ್ಲಿ ಓದಿದನೇ ಎಂಬುದು ಮೇಲ್ವರ್ಗಕ್ಕೆ ಮುಖ್ಯವಲ್ಲ. ಅದಕ್ಕೂ ಮೊದಲು ಯಾವ ಪ್ರೆಪ್ ಸ್ಕೂಲಿನಲ್ಲಿದ್ದ ಎಂಬುದು ಮುಖ್ಯ ಎಂದರು. ಏಳು ದಶಕಗಳ ಬಳಿಕವೂ ಅದು ಹಳತಾಗಿಲ್ಲ. 2023ರಲ್ಲಿ ರಾಜ್ ಚೆಟ್ಟಿ ಮತ್ತು ಇತರ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರವೇಶ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದರೂ, ಅತಿ ಶ್ರೀಮಂತ ಶೇ 1ರಷ್ಟು ಕುಟುಂಬಗಳ ಮಕ್ಕಳು ಅಮೆರಿಕದ ಅತ್ಯುನ್ನತ ಖಾಸಗಿ ಕಾಲೇಜುಗಳನ್ನು ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ದುಪ್ಪಟ್ಟಿಗೂ ಹೆಚ್ಚು. ಕಾರಣಗಳಲ್ಲೊಂದು, ಖಾಸಗಿ ಪ್ರೌಢಶಾಲೆಗಳಿಂದ ಬಂದವರಿಗೆ ಪಠ್ಯೇತರ ಅರ್ಹತೆಗಳಲ್ಲಿ ಸಿಗುವ ಹೆಚ್ಚಿನ ಅಂಕ. ಇನ್ನೊಂದು ಬದಿಯಲ್ಲಿ, ಜೋಷುವಾ ಆಂಗ್ರಿಸ್ಟ್ (2021ರಲ್ಲಿ ನೊಬೆಲ್ ಪಡೆದವರು) ಮತ್ತು ಸಹಲೇಖಕರು 2014ರಲ್ಲಿ ಬಾಸ್ಟನ್ ಹಾಗೂ ನ್ಯೂಯಾರ್ಕ್‌ನ ಪ್ರತಿಷ್ಠಿತ ಶಾಲೆಗಳ ಬಗ್ಗೆ ಬರೆದದ್ದನ್ನೂ ಗಮನಿಸಬೇಕು. ಪ್ರವೇಶ ಪರೀಕ್ಷೆಯ ಗೆರೆಯನ್ನು ಕೂದಲೆಳೆಯಷ್ಟು ಅಂತರದಲ್ಲಿ ದಾಟಿದವರನ್ನೂ, ಅಷ್ಟೇ ಅಂತರದಲ್ಲಿ ತಪ್ಪಿಸಿಕೊಂಡವರನ್ನೂ ಹೋಲಿಸಿದಾಗ, ಮುಂದಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಅವು ಸರ್ಕಾರಿ ಶಾಲೆಗಳು, ಎಕ್ಸೆಟರ್‌ನಂಥ ಖಾಸಗಿ ಶಾಲೆಗಳಲ್ಲ ಎಂಬುದು ನಿಜ. ಆದರೂ ಆರಿಸಿ ತಂದ ಬೀಜದ ಫಸಲನ್ನು ಪೂರ್ತಿಯಾಗಿ ಮಣ್ಣಿನ ಲೆಕ್ಕಕ್ಕೆ ಬರೆಯಬಾರದು ಎಂಬ ಎಚ್ಚರ ಇಲ್ಲಿಗೂ ಸಲ್ಲುತ್ತದೆ.

ಪಟ್ಟಿಯ ತುದಿಯಲ್ಲಿರುವ ಹೆಸರುಗಳೇ ಇದಕ್ಕೆ ಸಾಕ್ಷಿ. ದಂತವೈದ್ಯರ ಮಗ ಝುಕರ್‌ಬರ್ಗ್ ಸುಮಾರು 12ನೆಯ ವಯಸ್ಸಿನಲ್ಲೇ ಮನೆಯ ಕಂಪ್ಯೂಟರ್‌ಗಳನ್ನೂ ತಂದೆಯ ಚಿಕಿತ್ಸಾಲಯವನ್ನೂ ಜೋಡಿಸುವ ಸಂದೇಶ ವ್ಯವಸ್ಥೆಯನ್ನು ಬರೆದಿದ್ದ. ಎಕ್ಸೆಟರ್‌ನಲ್ಲಿ ಆತ ಇದ್ದದ್ದು ಕೊನೆಯ ಎರಡು ವರ್ಷ; 2002ರಲ್ಲಿ ಹೊರಬಿದ್ದ. ಅಲ್ಲಿ ವಿದ್ಯಾರ್ಥಿಗಳ ಭಾವಚಿತ್ರ, ವಿಳಾಸಗಳಿದ್ದ ಪುಸ್ತಿಕೆಯೊಂದಿತ್ತು, ಮಕ್ಕಳು ಅದನ್ನು 'ಫೇಸ್‌ಬುಕ್' ಎನ್ನುತ್ತಿದ್ದರು. ಹಾರ್ವರ್ಡ್‌ನಲ್ಲಿಯೂ ಅಂಥವು ಇದ್ದುದರಿಂದ ಹೆಸರಿನ ಕೀರ್ತಿ ಯಾರಿಗೆ ಸಲ್ಲಬೇಕೆಂಬುದನ್ನು ಅವರವರೇ ಬಗೆಹರಿಸಿಕೊಳ್ಳಲಿ. ಅಲ್ಲಿ ಆತನಿಗೆ ನಿಜವಾಗಿ ಸಿಕ್ಕಿದ್ದು ಆಡಂ ಡಿ'ಆಂಜೆಲೊ ಎಂಬ ಗೆಳೆಯ. ಇಬ್ಬರೂ ಸೇರಿ ಕೇಳುಗರ ಅಭಿರುಚಿ ಗುರುತಿಸುವ ಸಂಗೀತ ತಂತ್ರಾಂಶವನ್ನು ರೂಪಿಸಿದರು. ಆ ಗೆಳೆಯ ಮುಂದೆ 'ಕ್ವೋರಾ' ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬ. ಇನ್ನು 'ದ ವಿಂಚಿ ಕೋಡ್'ನ ಡ್ಯಾನ್ ಬ್ರೌನ್ ಶಾಲೆಯ ಗಣಿತ ಮೇಷ್ಟ್ರ ಮಗ. ಜಾನ್ ಅರ್ವಿಂಗ್ ಅವರ ಮಲತಂದೆಯೂ ಅಲ್ಲಿನ ಮೇಷ್ಟ್ರೇ.

ಅರ್ವಿಂಗ್ ಕಥೆ ಸ್ವಲ್ಪ ಬೇರೆ. ಅಕ್ಷರಗಳು ಕಲಸಿಹೋಗುವ ಡಿಸ್‌ಲೆಕ್ಸಿಯಾ ಆತನಿಗಿತ್ತು, ಆ ಕಾಲದಲ್ಲಿ ಅದನ್ನು ಯಾರೂ ಗುರುತಿಸಲಿಲ್ಲ. ಇತರರು ನಾಲ್ಕು ವರ್ಷಗಳಲ್ಲಿ ಮುಗಿಸುವ ಓದು ಆತನಿಗೆ ಐದು ವರ್ಷ ಹಿಡಿಯಿತು. ಆತನನ್ನು ಕಾಪಾಡಿದ್ದು ಕುಸ್ತಿಯ ಅಖಾಡ ಮತ್ತು ಅಲ್ಲಿನ ತರಬೇತುದಾರ. ಒಂದೇ ಪಟ್ಟನ್ನು ಸಾವಿರ ಸಲ ಅಭ್ಯಾಸ ಮಾಡುವ ಕುಸ್ತಿಯ ಶಿಸ್ತೇ ಒಂದೇ ವಾಕ್ಯವನ್ನು ಹತ್ತು ಸಲ ತಿದ್ದುವ ಬರವಣಿಗೆಯ ಶಿಸ್ತಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಗೋರ್ ವಿಡಾಲ್ ಅವರದು ಇನ್ನೊಂದು ಬಗೆ: ಕಾಲೇಜಿಗೆ ಸಿದ್ಧಪಡಿಸುವ ಈ ಶಾಲೆಯಿಂದ 1943ರಲ್ಲಿ ಹೊರಬಂದು ಸೈನ್ಯ ಸೇರಿದವರು ಕಾಲೇಜಿನ ಮೆಟ್ಟಿಲನ್ನೇ ಹತ್ತಲಿಲ್ಲ. ಜಾನ್ ನೋಲ್ಸ್ 1959ರಲ್ಲಿ 'ಎ ಸೆಪರೇಟ್ ಪೀಸ್' ಕಾದಂಬರಿ ಬರೆದು, ಯುದ್ಧಕಾಲದ ಎಕ್ಸೆಟರ್‌ಗೆ ಡೆವನ್ ಎಂಬ ಹೆಸರಿಟ್ಟು, ಆ ಸುಂದರ ಆವರಣದೊಳಗೆ ಹುಡುಗರ ಮತ್ಸರ ಏನೆಲ್ಲ ಮಾಡಬಲ್ಲದೆಂದು ತೋರಿಸಿದರು. ಶಾಲೆಯನ್ನು ಹೊಗಳಿದವರಿಗಿಂತ ಅದನ್ನು ಕಣ್ಣಿಟ್ಟು ನೋಡಿದವರು ಅದಕ್ಕೆ ಹೆಚ್ಚಿನ ಉಪಕಾರ ಮಾಡಿದ್ದಾರೆಂಬುದು ನನ್ನ ಅನಿಸಿಕೆ.

ಈ ಮಾತು ಕಾದಂಬರಿಗಳಿಗಷ್ಟೇ ಸೀಮಿತವಲ್ಲ. 2016ರಲ್ಲಿ, ಹಲವು ದಶಕಗಳ ಹಿಂದೆ ಶಿಕ್ಷಕರಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ ಹಳೆಯ ವಿದ್ಯಾರ್ಥಿಗಳ ದೂರುಗಳು ಬಯಲಿಗೆ ಬಂದವು. ಗೌರವಾನ್ವಿತನೆಂದು ಹೆಸರಾಗಿದ್ದ ಶಿಕ್ಷಕನೊಬ್ಬನ ವಿಷಯವನ್ನು ಆಡಳಿತ ವರ್ಷಗಳ ಹಿಂದೆಯೇ ತಿಳಿದಿದ್ದರೂ ಬಹಿರಂಗಪಡಿಸಿರಲಿಲ್ಲ. 2018ರಲ್ಲಿ ಶಾಲೆ ವಕೀಲರ ತನಿಖಾ ವರದಿಯನ್ನು ತಾನೇ ಪ್ರಕಟಿಸಬೇಕಾಯಿತು. ಬಾಯಿಬಿಟ್ಟ ಆ ಹಳೆಯ ವಿದ್ಯಾರ್ಥಿಗಳ ಹೆಸರು ಯಾವ ಗಣ್ಯರ ಪಟ್ಟಿಯಲ್ಲಿಯೂ ಬರುವುದಿಲ್ಲ.

ಇನ್ನು ಹುಡುಗಿಯರು. 1970ರವರೆಗೆ, ಅಂದರೆ 189 ವರ್ಷ, ಅವರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಮುಖ್ಯ ಕಟ್ಟಡದ ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದ ಬರಹ 'ಹುಡುಗರೇ ಬನ್ನಿ, ಗಂಡಸರಾಗಿರಿ' ಎಂಬರ್ಥದ್ದು. ಹುಡುಗಿಯರು ಸೇರಿ ಕಾಲು ಶತಮಾನ ಕಳೆದ ಮೇಲೆ, 1996ರಲ್ಲಿ, ಅವರನ್ನೂ ಒಳಗೊಂಡ ಇನ್ನೊಂದು ಲ್ಯಾಟಿನ್ ಸಾಲು ಸೇರಿತು. ಕಲ್ಲಿಗೆ ಬದಲಾಗಲು ಅಷ್ಟು ಸಮಯ ಬೇಕೇನೋ! ಹೈಟಿಯಿಂದ ವಲಸೆ ಬಂದ ದಂಪತಿಯ ಮಗಳು, ಲೇಖಕಿ ರಾಕ್ಸೇನ್ ಗೇ ಇಂದು ಪಟ್ಟಿಯ ಹೆಮ್ಮೆಯ ಹೆಸರುಗಳಲ್ಲಿ ಒಂದು.

ಬಡವರಿಗೆ ಬಾಗಿಲು ಪೂರ್ತಿ ಮುಚ್ಚಿತ್ತೆಂದು ಹೇಳುವುದು ಅನ್ಯಾಯವಾದೀತು. 2007ರಲ್ಲಿ ಶಾಲೆ, ವಾರ್ಷಿಕ 75 ಸಾವಿರ ಡಾಲರ್ ಅಥವಾ ಅದಕ್ಕಿಂತ ಕಡಿಮೆ ವರಮಾನವಿರುವ ಕುಟುಂಬಗಳ ಮಕ್ಕಳಿಗೆ ಉಚಿತ ಶಿಕ್ಷಣ ಘೋಷಿಸಿತು. 2021ರಲ್ಲಿ, ಶುಲ್ಕ ಕಟ್ಟುವ ಶಕ್ತಿಯನ್ನು ನೋಡದೆ ಮಕ್ಕಳನ್ನು ಆರಿಸುವುದಾಗಿ ಪ್ರಕಟಿಸಿತು. ಮೆಚ್ಚಬೇಕಾದ ಹೆಜ್ಜೆಗಳು. ಆದರೆ ಒಳಗೆ ಬಂದ ಬಡ ಹುಡುಗನ ಪಾಡೇನು? ಹಾರ್ಲೆಮ್‌ನ ಕಪ್ಪು ಹುಡುಗ ಎಡ್ಮಂಡ್ ಪೆರ್ರಿ ವಿದ್ಯಾರ್ಥಿವೇತನದ ಮೇಲೆ ಎಕ್ಸೆಟರ್‌ನಲ್ಲಿ ಓದಿ, 1985ರಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗಿ, ಸ್ಟ್ಯಾನ್‌ಫರ್ಡ್‌ಗೆ ಆಯ್ಕೆಯಾಗಿದ್ದ. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ, ಜೂನ್ 12ರ ರಾತ್ರಿ, ಮನೆಯ ಸಮೀಪದಲ್ಲೇ ಸಾದಾ ಉಡುಪಿನ ಪೊಲೀಸನೊಬ್ಬನ ಗುಂಡಿಗೆ ಬಲಿಯಾದ. ಆಗ 17 ವರ್ಷ. ಇಬ್ಬರು ಯುವಕರು ತನ್ನನ್ನು ಹೊಡೆದು ದೋಚಲು ಬಂದರೆಂದು ಪೊಲೀಸ್ ಹೇಳಿದ. ಆತನ ಮೇಲೆ ಮೊಕದ್ದಮೆ ಹೂಡಲಿಲ್ಲ. ಜೊತೆಗಿದ್ದನೆಂದು ಆರೋಪಿಸಲಾದ ಎಡ್ಮಂಡ್‌ನ ಅಣ್ಣನನ್ನು ನ್ಯಾಯಾಲಯ ನಿರ್ದೋಷಿಯೆಂದು ಬಿಟ್ಟಿತು. ಪತ್ರಕರ್ತ ರಾಬರ್ಟ್ ಸ್ಯಾಮ್ ಆನ್ಸನ್ 1987ರಲ್ಲಿ ಈ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಆ ರಾತ್ರಿ ನಿಜವಾಗಿ ನಡೆದದ್ದೇನು ಎಂಬ ವಾದ ಏನೇ ಇರಲಿ, ಎರಡು ಲೋಕಗಳ ನಡುವೆ ಓಡಾಡುತ್ತ ಎರಡರಲ್ಲಿಯೂ ಪೂರ್ತಿ ನೆಲೆ ಕಾಣದ ಹುಡುಗನೊಬ್ಬನ ಚಿತ್ರ ಅದರಲ್ಲಿದೆ. ದತ್ತಿ ನಿಧಿಯಿಂದ ಶುಲ್ಕ ಕಟ್ಟಬಹುದು. ಆ ಓಡಾಟದ ಭಾರವನ್ನು ಹುಡುಗನೇ ಹೊರಬೇಕು.

ಎಕ್ಸೆಟರ್‌ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ, 1928ರ ತಂಡದ ಜೇಮ್ಸ್ ಏಜಿ, ಈ ಎಲ್ಲ ಪಟ್ಟಿಗಳಿಗೆ ಉತ್ತರವೆನ್ನಬಹುದಾದ ಪುಸ್ತಕವೊಂದನ್ನು ಬರೆದಿದ್ದಾರೆ. 1936ರ ಬೇಸಿಗೆಯಲ್ಲಿ ಅವರೂ ಛಾಯಾಗ್ರಾಹಕ ವಾಕರ್ ಇವಾನ್ಸ್ ಅವರೂ ಅಲಬಾಮಾಕ್ಕೆ ಹೋಗಿ ಹತ್ತಿ ಬೆಳೆಯುವ ಮೂರು ಗೇಣಿ ಕುಟುಂಬಗಳ ಜೊತೆ ವಾರಗಟ್ಟಲೆ ಕಳೆದರು. ಇವಾನ್ಸ್ ಓದಿದ್ದು ಎಕ್ಸೆಟರ್‌ನ ಸೋದರ ಸಂಸ್ಥೆಯಾದ ಆ್ಯಂಡೋವರ್‌ನ ಫಿಲಿಪ್ಸ್ ಅಕಾಡೆಮಿಯಲ್ಲಿ. ಅದನ್ನು 1778ರಲ್ಲಿ ಸ್ಥಾಪಿಸಿದವರು ಜಾನ್ ಫಿಲಿಪ್ಸ್ ಅವರ ಸೋದರನ ಮಗ. 1941ರಲ್ಲಿ ಹೊರಬಂದ ಪುಸ್ತಕಕ್ಕೆ 'ಲೆಟ್ ಅಸ್ ನೌ ಪ್ರೇಯ್ಸ್ ಫೇಮಸ್ ಮೆನ್' ಎಂದು ಹೆಸರು. ಖ್ಯಾತನಾಮರನ್ನು ಹೊಗಳೋಣ ಎಂಬ ಧರ್ಮಗ್ರಂಥದ ಮಾತು ಅದು. ಆದರೆ ಒಳಗಿರುವುದು ಹರಕು ಬಟ್ಟೆ, ಸೀಳುಬಿಟ್ಟ ಹಲಗೆಗೋಡೆ, ಸಾಲದ ಲೆಕ್ಕ, ಯಾರಿಗೂ ಗೊತ್ತಿಲ್ಲದ ಜನ. ಆಗ ಅದು ಕೆಲವೇ ನೂರು ಪ್ರತಿ ಮಾರಾಟವಾಯಿತು. 1955ರಲ್ಲಿ ಏಜಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅಮೆರಿಕ ಅದನ್ನು ಓದಲು ಕಲಿಯಿತು.

ರಾಬರ್ಟ್ ಲಿಂಕನ್ ಕಡೆಗೆ ಮತ್ತೊಮ್ಮೆ ಬರುತ್ತೇನೆ. ಎಕ್ಸೆಟರ್‌ನ ಒಂದು ವರ್ಷ ಫಲ ಕೊಟ್ಟಿತು. 1860ರಲ್ಲಿ ಆತನಿಗೆ ಹಾರ್ವರ್ಡ್ ಪ್ರವೇಶ ಸಿಕ್ಕಿತು. ಮುಂದೆ ಅವರು ಯುದ್ಧ ಕಾರ್ಯದರ್ಶಿಯಾದರು, ಬ್ರಿಟನ್ನಿಗೆ ರಾಯಭಾರಿಯಾದರು, ಗುಲಾಮರನ್ನು ಬಿಡಿಸಿದವರ ಮಗ ಕಪ್ಪು ಸೇವಕರ ಅಗ್ಗದ ದುಡಿಮೆಯ ಮೇಲೆ ನಿಂತಿದ್ದ ಪುಲ್‌ಮನ್ ರೈಲು ಕಂಪನಿಯ ಅಧ್ಯಕ್ಷರೂ ಆದರು. ಆದರೆ ಆ ವರ್ಷ ಎಕ್ಸೆಟರ್‌ನಲ್ಲಿ ರಾಬರ್ಟ್ ಜೊತೆ ಸ್ಪ್ರಿಂಗ್‌ಫೀಲ್ಡ್‌ನ ಇನ್ನೊಬ್ಬ ಹುಡುಗನಿದ್ದ. ಜಾರ್ಜ್ ಲೇಥಂ. ಆತನಿಗೂ ಹಾರ್ವರ್ಡ್‌ನ ಆಸೆ. ಆದರೆ ಪ್ರವೇಶ ದೊರೆಯಲಿಲ್ಲ. ಸುದ್ದಿ ರಾಬರ್ಟ್‌ನ ಪತ್ರದ ಮೂಲಕ ಲಿಂಕನ್ ಅವರಿಗೆ ತಲುಪಿತು. ಆಗ ಅವರು ಅಧ್ಯಕ್ಷ ಚುನಾವಣೆಯ ಅಭ್ಯರ್ಥಿ. ದೇಶ ಎರಡಾಗುವ ಅಂಚಿನಲ್ಲಿತ್ತು. ಜುಲೈ 22ರಂದು ಅವರು ಕುಳಿತು ಆ ಹುಡುಗನಿಗೆ ಒಂದು ಪತ್ರ ಬರೆದರು. ಈ ಸುದ್ದಿಯಷ್ಟು ನೋವು ತಮಗೆ ಬದುಕಿನಲ್ಲಿ ಹೆಚ್ಚು ಸಲ ಆದದ್ದಿಲ್ಲವೆಂದೂ, ಎದೆಗುಂದಿ ಕೂರದಿದ್ದರೆ ಇದೇನೂ ದೊಡ್ಡದಲ್ಲವೆಂದೂ, ಹಟ ಹಿಡಿದರೆ ಸೋಲುವ ಮಾತೇ ಇಲ್ಲವೆಂದೂ ಹೇಳಿದರು. ಲೇಥಂ ಹೆಸರು ಇಂದು ಯಾರಿಗಾದರೂ ತಿಳಿದಿದ್ದರೆ ಅದು ಆ ಪತ್ರದಿಂದ.